ಗುಂಡು

ಗೇರು ಹಾಕಿ ಕಾಲು ಒತ್ತಿದರೆ
ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಒಂದು ಕೆಮ್ಮು, ಆಮೇಲೆ ಓಟ.
ಆ ಒಂದು ಗಳಿಗೆಗೆ
ಎನ್.ಆರ್. ಸರ್ಕಲ್ಲಿನಲ್ಲಿ ಹಿಂದಿನ ಬಸ್ಸಿನವನು ಕೊಡುವ ಹಾರನ್ನು
ಅರ್ಧ ಹಾಸನಕ್ಕೆ ಕೇಳುತ್ತದೆ.

'ಮಗು ಹುಟ್ಟಿದ ಮೇಲೆ, ಅಳೋಕೆ ಮುಂಚೆ
ಒಂಚೂರು ಸುಮ್ಮನಿರುತ್ತಲ್ಲ, ಹಂಗೆ' ಅಂದರು ಎಸ್ತರಮ್ಮ.
ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನ ನರ್ಸು.
ಫಿಯೆಟ್ಟಿಗೆ ಅವರಿಗಿಂತ ಹದಿನೈದು ವರ್ಷ ಕಡಿಮೆ ವಯಸ್ಸು,
ಬಣ್ಣ, ಆರಿದ ಕಾಫಿಯ ಮೇಲಿನ ಕೆನೆಯದು.

ಇಲಿಯಾಸ್ ತನ್ನ ಗ್ಯಾರೇಜಿನಲ್ಲಿ ಮಾಡದ್ದಿಲ್ಲ.
ಪಾಯಿಂಟು ತಿಕ್ಕಿದ,
ಕಂಡೆನ್ಸರ್ ಹೊಸದು, ನಾಲ್ಕೂ ಪ್ಲಗ್ಗು ಹೊಸವು,
ಟೈಮಿಂಗು ಕೂದಲೆಳೆ ಹಿಂದೆ, ಕೂದಲೆಳೆ ಮುಂದೆ.
ಎಲ್ಲಾದರೂ ಗಾಳಿ ಎಳೆಯುತ್ತಿದೆಯಾ ಅಂತ
ಮ್ಯಾನಿಫೋಲ್ಡಿನ ಸುತ್ತ ಎಣ್ಣೆ ಹನಿಸಿ ಕಿವಿಗೊಟ್ಟ.
ಕೊನೆಗೆ ಕಾರ್ಬುರೇಟರನ್ನೇ ಬಿಚ್ಚಿ
ಹಳೇ ಟವೆಲ್ಲಿನಲ್ಲಿ ಸುತ್ತಿ ನನ್ನ ಮುಂದಿಟ್ಟ:
'ಆಚಾರ್ರೇ, ಇದು ನಿಮ್ಮ ಕೈಯಿನ ಕೆಲಸ.
ನನ್ನ ಹುಡುಗ್ರು ಇದಕ್ಕೆ ಕಂಪ್ಯೂಟರ್ ಚುಚ್ಚೋ ತೂತು ಎಲ್ಲೈತೆ ಅಂತಾವೆ.'

ನಾನು ಗಡಿಯಾರದವನು. ಸಂತೆಪೇಟೆಯಲ್ಲಿ
ಆರಡಿ ಅಂಗಡಿ.
ಈಗೀಗ ಬರೀ ಸೆಲ್ಲು ಬದಲಿಸುವುದು,
ಬೆಲ್ಟಿಗೆ ತೂತು ಹೊಡೆಯುವುದು.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ವರ್ಷವೇ ಆಗಿತ್ತು.
ಸಿಕ್ಕಿಸಿದೆ.
ಮೇನ್ ಜೆಟ್, ಪೈಲಟ್ ಜೆಟ್,
ಹಿತ್ತಾಳೆಯ ಇಷ್ಟಿಷ್ಟೇ ಗಂಟಲುಗಳು.
ಬೆಳಕಿಗೆ ಹಿಡಿದರೆ ಎದುರಂಗಡಿ ಬೋರ್ಡಿನ
ಒಂದೇ ಒಂದು ಒತ್ತಕ್ಷರ ಕಂಡೀತು.
ತಂತಿ ಹಾಕಬಾರದು, ಊದಬೇಕು.
ಡಯಾಫ್ರಾಮ್ ಮೆತ್ತಗಿತ್ತು, ಹರಿದಿರಲಿಲ್ಲ.
ಫ್ಲೋಟನ್ನು ಕಿವಿಯ ಹತ್ತಿರ ಕುಲುಕಿದೆ. ಒಳಗೆ ಸದ್ದಿಲ್ಲ.

ಸಂಜೆ ಕರೆಂಟು ಹೋಯಿತು.
ಟಾರ್ಚು ಬಾಯಲ್ಲಿ ಕಚ್ಚಿ ಪಂಪಿನ ದಾರಿಗೆ ಕಣ್ಣಿಟ್ಟೆ.
ತಳದಲ್ಲಿ ಒಂದು ದುಂಡು ಪೀಠ.
ಏನೋ ಕೂತು, ಎದ್ದು, ಕೂತು ಸವೆದ ಹೊಳಪು.
ಅದರ ಮೇಲೆ ಯಾರೂ ಇಲ್ಲ.

ಇಷ್ಟೇ ಕತೆ. ಕಾಲು ಒತ್ತಿದೊಡನೆ ಬಾಗಿಲು ತೆರೆದು
ಗಾಳಿ ಮೊದಲು ನುಗ್ಗುತ್ತದೆ. ಅದು ಹಗುರ, ಅದಕ್ಕೇನು.
ಪೆಟ್ರೋಲಿಗೆ ಭಾರವಿದೆ, ತಡವಾಗುತ್ತದೆ.
ಆ ತಡಕ್ಕೆಂದೇ ಒಂದು ಗುಟುಕು ಮುಂಗಡ
ಚಿಮ್ಮಿಸುವ ಪಂಪು. ಆ ಗುಟುಕು ಹಿಂದಕ್ಕೆ ಜಾರದಂತೆ
ಬಾಗಿಲಲ್ಲಿ ಕೂರಬೇಕಾದ ಒಂದು ಉಕ್ಕಿನ ಗುಂಡು.
ಯಾವ ವರ್ಷ, ಯಾರ ಕೈಜಾರಿ
ಯಾವ ಗ್ಯಾರೇಜಿನ ಮಣ್ಣಿಗೆ ಬಿತ್ತೋ.
ಬಿದ್ದದ್ದು ಗೊತ್ತಿದ್ದವನು ಹೇಳಲಿಲ್ಲ.
ನಾನೂ ಒಮ್ಮೆ ಒಂದು ಎಚ್ಎಂಟಿಯ ಸ್ಕ್ರೂ ಕಳೆದು
ಹಾಗೇ ಮುಚ್ಚಿ ಕೊಟ್ಟಿದ್ದೇನೆ.
ಅದು ಈಗಲೂ ಯಾರದೋ ಕೈಯಲ್ಲಿ ನಡೆಯುತ್ತಿರಬಹುದು.

ಸೈಕಲ್ ಶಾಪಿನ ಬೋರಣ್ಣ ಹಳೇ ಫ್ರೀವೀಲು ಬಿಚ್ಚಿ
ಗ್ರೀಸಿನ ಅಂಗೈಯಲ್ಲಿ ನಾಲ್ಕಾರು ಗುಂಡು ನೀಡಿದ.
'ದುಡ್ಡು ಬ್ಯಾಡ. ಆದ್ರೂ ಗೋಲಿ ಆಡೋ ವಯಸ್ಸೇನ್ಲಾ ನಿಂದು?'
ಚಿಮುಟದಲ್ಲಿ ಎತ್ತಿ ಬಿಟ್ಟೆ. ಟಿಕ್ ಅಂತ ಕೂತಿತು.
ಆ ಸದ್ದು ನನ್ನ ಕಸುಬಿನದು.

ಭಾನುವಾರ ಚರ್ಚು ಬಿಟ್ಟ ಮೇಲೆ ಸೀಗೆಗುಡ್ಡದ ಏರಿಗೆ ಹೋದೆವು.
ಇಲಿಯಾಸ್ ಹಿಂದಿನ ಸೀಟಿನಲ್ಲಿ, ಸ್ಪಾನರು ತೊಡೆಯ ಮೇಲೆ.
ಎಸ್ತರಮ್ಮ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ.
ಏರಿನ ನಡುವೆ ಬೇಕೆಂದೇ ನಿಲ್ಲಿಸಿ
ಫಸ್ಟ್ ಗೇರು, ಕಾಲು,
ಹೊರಟೇ ಹೋಯಿತು.
ತುದಿ ಮುಟ್ಟುವವರೆಗೂ ಇಲಿಯಾಸ್
ಆ ಕೆಮ್ಮಿಗೆ ಕಾಯುತ್ತಲೇ ಇದ್ದ.

ಇಳಿದು, ಪರ್ಸು ತೆಗೆದು,
'ಎಷ್ಟಾಯ್ತು?' ಅಂದರು.
ಸೆಲ್ಲಿಗಾದರೆ ನಲವತ್ತು. ಬೆಲ್ಟಿನ ತೂತಿಗೆ ಐದು.
ಇದಕ್ಕೆ?
ಬಾಯಿ ತೆರೆದೆ. ಗಾಳಿ ಬಂತು.
ಮಾತು ಇನ್ನೂ ಹಿಂದೆಲ್ಲೋ ಇತ್ತು.
ಎಸ್ತರಮ್ಮ ಅವಸರ ಮಾಡಲಿಲ್ಲ.
ಕಾದು ಅಭ್ಯಾಸ ಅವರಿಗೆ.